ಪಾವಗಡದ ಪಕ್ಕದ ಸೀಮೆ ಆಳಿದ ಸ್ಕಾಟ್ಲೆಂಡ್ ಸಾಹೇಬ

ಮಧುಗಿರಿ, ಕೊರಟಗೆರೆ ಅಂದ್ರೆ ಪಾಳೇಗಾರರು, ಶಿರಾ ಅಂದ್ರೆ ಮೊಗಲರ ಸುಬೇದಾರರು ನೆನಪಾಗ್ತಾರೆ. ಪಾವಗಡದ ಗಡಿ ದಾಟಿ ಅನಂತಪುರದ ಕಡೆ ಹೋದರೆ ಇನ್ನೊಂದು ಹೆಸರು ಕೇಳುತ್ತೆ: ಮನ್ರೋ ಸಾಹೇಬ.

ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅಪ್ಪ ವರ್ಜೀನಿಯಾ ಜೊತೆ ವ್ಯಾಪಾರ ಮಾಡ್ತಿದ್ದವರು. ಅಮೆರಿಕದ ಯುದ್ಧದಲ್ಲಿ ಆ ವ್ಯಾಪಾರ ಮುಳುಗಿತು. ಮಗ ಕಂಪನಿ ಸೈನ್ಯ ಸೇರಿ 1780ರಲ್ಲಿ ಮದರಾಸಿಗೆ ಬಂದಿಳಿದ. ಮನೆ ಕಷ್ಟಕ್ಕೆ ಊರು ಬಿಟ್ಟು ದುಡಿಯೋಕೆ ಹೋಗೋದು ನಮಗೂ ಗೊತ್ತಿರೋ ಕಥೆಯೇ ಅಲ್ವಾ?

1800ರಿಂದ 1807ರವರೆಗೆ ಬಳ್ಳಾರಿ, ಅನಂತಪುರ, ಕಡಪ ಸೇರಿದ ದತ್ತ ಮಂಡಲಕ್ಕೆ ಅವರೇ ಕಲೆಕ್ಟರ್. ಅಲ್ಲಿದ್ದ ಸುಮಾರು 80 ಪಾಳೇಗಾರರ ಬಲ ಮುರಿದರು. ಜಮೀನು ಅಳೆಸಿ, ಮಧ್ಯವರ್ತಿ ಇಲ್ಲದೆ ರೈತನ ಹೆಸರಿಗೇ ಕಂದಾಯ ಗೊತ್ತುಮಾಡಿದರು. ಅದೇ ರೈತವಾರಿ ಪದ್ಧತಿ. ಹಾಗಂತ ಕಂದಾಯ ಹಗುರವಾಗಿರಲಿಲ್ಲ. ನಾಲ್ಕರಲ್ಲಿ ಒಂದು ಪಾಲು ಇಳಿಸಿ ಅಂತ 1807ರಲ್ಲಿ ಅವರೇ ಬರೆದರೂ ಸರ್ಕಾರ ಆಗ ಒಪ್ಪಲಿಲ್ಲ. ಅದು ಜಾರಿಗೆ ಬಂದದ್ದು 1820ರಲ್ಲಿ ಅವರೇ ಮದರಾಸಿನ ಗವರ್ನರ್ ಆದ ಮೇಲೆ.

ಇಷ್ಟೆಲ್ಲ ಓಡಾಟದಲ್ಲಿ ಮದುವೆ ಆಗಿದ್ದು 52ನೇ ವಯಸ್ಸಿಗೆ, 1814ರಲ್ಲಿ. ಹೆಂಡತಿ ಜೇನ್ ಕ್ಯಾಂಪ್‌ಬೆಲ್. ಇಬ್ಬರು ಗಂಡುಮಕ್ಕಳು. 1819ರಲ್ಲಿ ಹುಟ್ಟಿದ ಥಾಮಸ್‌ನನ್ನು ಸ್ಕಾಟ್ಲೆಂಡಿನಲ್ಲೇ ಬಿಟ್ಟು ಗಂಡ ಹೆಂಡತಿ ಮದರಾಸಿಗೆ ಬಂದರು. 1823ರಲ್ಲಿ ಕ್ಯಾಂಪ್‌ಬೆಲ್ ಹುಟ್ಟಿದ. 1825ರಲ್ಲಿ ಬ್ಯಾರನೆಟ್ ಪದವಿಯೂ ಬಂತು, ಅಪ್ಪನಿಂದ ಮಗನಿಗೆ ಇಳಿದು ಬರುವ ಬಿರುದು.

ಆದ್ರೆ ಸಾಹೇಬರಿಗೆ ಬೇಕಿದ್ದದ್ದು ರಜೆ! ಕೆಲಸ ಬಿಟ್ಟು ಊರಿಗೆ ಹೋಗ್ತೀನಿ ಅಂದರೆ ಬರ್ಮಾ ಯುದ್ಧ ತಡೆಯಿತು. 1826ರಲ್ಲಿ ಚಿಕ್ಕ ಮಗನಿಗೆ ಹುಷಾರಿಲ್ಲ ಅಂತ ಜೇನ್ ಅವನನ್ನು ಕರಕೊಂಡು ಹಡಗು ಹತ್ತಿದರು. ಖಾಲಿ ಮನೆಯ ಬೇಸರವನ್ನು ಮನ್ರೋ ಹೆಂಡತಿಗೆ ಪತ್ರದಲ್ಲಿ ಬರೆದುಕೊಂಡರು.

ಹೋಗೋ ಮುಂಚೆ ಹಳೇ ಸೀಮೆಯನ್ನು ಒಮ್ಮೆ ನೋಡಿ ಬರೋಣ ಅಂತ ಹೊರಟರು. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಂದು ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಿದರು. ಕೆಲವು ವರ್ಷದ ನಂತರ ಅಸ್ಥಿಯನ್ನು ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚಿಗೆ ಸಾಗಿಸಿದರು.

ಚೆನ್ನೈಗೆ ಹೋದವರು ಅವರ ಕುದುರೆ ಪ್ರತಿಮೆ ನೋಡಿರ್ತೀರಿ. ಜೀನು, ರಿಕಾಪು ಎರಡೂ ಇಲ್ಲದ ಕುದುರೆ ಅಂತ ಎಲ್ಲರೂ ಫೋಟೊ ತೆಗೀತಾರೆ. ಬ್ಯಾರನೆಟ್ ಪದವಿ ದೊಡ್ಡ ಮಗನಿಗೆ ಹೋಯಿತು. ಆಗ ಅವನಿಗೆ ಎಂಟು ವರ್ಷ. ಅಪ್ಪನ ಜೊತೆ ಆಡಿದ ನೆನಪು ಮಾತ್ರ ಆ ಹುಡುಗನಿಗೆ ಸಿಗಲೇ ಇಲ್ಲ.