ಟೊಮೇಟೊ ಸಂರಕ್ಷಣೆ

ಟೊಮೇಟೊ ಸಂರಕ್ಷಣೆ ಎಂದರೆ ಹಿತ್ತಲಿನಲ್ಲಿ ಅಥವಾ ಕೈತೋಟದಲ್ಲಿ ಬೆಳೆದ ಟೊಮೇಟೊ ಹಣ್ಣುಗಳನ್ನು ಸುಗ್ಗಿಯ ಕಾಲ ಮುಗಿದ ಮೇಲೂ ಬಳಸಲು ಸಾಧ್ಯವಾಗುವಂತೆ ಕೆಡದ ಹಾಗೆ ಕಾಪಾಡುವ ಕ್ರಮ. ಗಾಜಿನ ಬಾಟಲಿಗಳಲ್ಲಿ ತುಂಬಿ ಕುದಿಯುವ ನೀರಿನಲ್ಲಿ ಸಂಸ್ಕರಿಸುವುದು (ಡಬ್ಬೀಕರಣ ಅಥವಾ ಕ್ಯಾನಿಂಗ್) ಮತ್ತು ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸುವುದು ಇದರ ಎರಡು ಮುಖ್ಯ ವಿಧಾನಗಳು. ಒಣಗಿಸುವುದು, ಉಪ್ಪಿನಕಾಯಿ ಹಾಕುವುದು ಹಾಗೂ ಗೊಜ್ಜು ಮಾಡಿಡುವುದು ಇತರ ರೂಢಿಗತ ವಿಧಾನಗಳು. ಟೊಮೇಟೊದ ಆಮ್ಲೀಯತೆಯು ಸುರಕ್ಷತೆಯ ಗಡಿರೇಖೆಯ ಸಮೀಪದಲ್ಲಿರುವುದರಿಂದ, ಡಬ್ಬೀಕರಣದಲ್ಲಿ ಅಳತೆ ಮತ್ತು ಅವಧಿಗಳನ್ನು ನಿಖರವಾಗಿ ಪಾಲಿಸದಿದ್ದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ಉಂಟಾಗುವ ಸಾಧ್ಯತೆಯಿದೆ.

ಹಿನ್ನೆಲೆ

ಟೊಮೇಟೊ (ಸೊಲ್ಯಾನಮ್ ಲೈಕೋಪರ್ಸಿಕಮ್) ದಕ್ಷಿಣ ಅಮೆರಿಕದ ಪಶ್ಚಿಮ ಭಾಗದ ಮೂಲದ ಸಸ್ಯ. 16ನೆಯ ಶತಮಾನದಲ್ಲಿ ಇದು ಯುರೋಪನ್ನು ತಲುಪಿತು. ಹಣ್ಣಿನಲ್ಲಿ ನೀರಿನ ಅಂಶ ಸುಮಾರು ಶೇ. 94ರಷ್ಟಿರುವುದರಿಂದ ಮಾಗಿದ ಮೇಲೆ ಅದು ಕೆಲವೇ ದಿನಗಳಲ್ಲಿ ಕೆಡುತ್ತದೆ. ಮನೆಯಲ್ಲಿ ಬೆಳೆದ ಗಿಡಗಳು ಒಂದೆರಡು ವಾರಗಳ ಅವಧಿಯಲ್ಲಿ ಒಟ್ಟಿಗೆ ಹಣ್ಣು ಬಿಡುವುದು ಸಾಮಾನ್ಯವಾದ್ದರಿಂದ ಸಂರಕ್ಷಣೆಯ ಅಗತ್ಯ ಉಂಟಾಗುತ್ತದೆ.

ಆಹಾರವನ್ನು ಗಾಜಿನ ಪಾತ್ರೆಯಲ್ಲಿ ಮುಚ್ಚಿ ಕುದಿಸಿ ಕಾಪಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ ರೂಪಿಸಿದನು. ಫ್ರೆಂಚ್ ಸರ್ಕಾರವು ಅವನಿಗೆ 12,000 ಫ್ರಾಂಕ್‌ಗಳ ಬಹುಮಾನ ನೀಡಿತು. 1810ರಲ್ಲಿ ಅವನು ತನ್ನ ವಿಧಾನವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತವರ ಲೇಪಿತ ಡಬ್ಬಿಗಳನ್ನೂ ಒಳಗೊಂಡ ಪೇಟೆಂಟ್ ಪಡೆದನು. ಈ ವಿಧಾನದಿಂದ ಆಹಾರ ಏಕೆ ಕೆಡುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳ ಪಾತ್ರವನ್ನು ಲೂಯಿ ಪಾಶ್ಚರ್ ವಿವರಿಸಿದ್ದು ಸುಮಾರು ಅರ್ಧ ಶತಮಾನದ ನಂತರ. 1858ರಲ್ಲಿ ಅಮೆರಿಕದ ಜಾನ್ ಲ್ಯಾಂಡಿಸ್ ಮೇಸನ್ ತಿರುಪು ಮುಚ್ಚಳದ ಗಾಜಿನ ಬಾಟಲಿಗೆ ಪೇಟೆಂಟ್ ಪಡೆದ ನಂತರ ಮನೆಗಳಲ್ಲಿ ಡಬ್ಬೀಕರಣ ಸುಲಭವಾಯಿತು.

ಆಮ್ಲೀಯತೆ ಮತ್ತು ಸುರಕ್ಷತೆ

ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮಣ್ಣಿನಲ್ಲಿ ಸಹಜವಾಗಿ ಇರುತ್ತವೆ. ಇವು ಕುದಿಯುವ ನೀರಿನ ಉಷ್ಣತೆಯಲ್ಲಿಯೂ ಬದುಕುಳಿಯಬಲ್ಲವು. ಆಮ್ಲಜನಕವಿಲ್ಲದ, ತೇವಾಂಶವುಳ್ಳ, ಆಮ್ಲೀಯತೆ ಕಡಿಮೆಯಿರುವ ಸ್ಥಳದಲ್ಲಿ, ಅಂದರೆ ಮುಚ್ಚಿದ ಬಾಟಲಿಯ ಒಳಗೆ, ಅವು ಮೊಳೆತು ಪ್ರಬಲವಾದ ನರವಿಷವನ್ನು ಉತ್ಪಾದಿಸುತ್ತವೆ. ಆಹಾರದ ಪಿಎಚ್ ಮೌಲ್ಯ 4.6 ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಈ ಬೀಜಕಗಳು ಬೆಳೆಯಲಾರವು. ಆದ್ದರಿಂದ ಹುಳಿ ಹೆಚ್ಚಿರುವ ಆಹಾರಗಳಿಗೆ ಕುದಿಯುವ ನೀರಿನ ಸಂಸ್ಕರಣೆ ಸಾಕಾಗುತ್ತದೆ. ಹುಳಿ ಕಡಿಮೆಯಿರುವ ತರಕಾರಿಗಳಿಗೆ 116ರಿಂದ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಒದಗಿಸುವ ಒತ್ತಡದ ಸಂಸ್ಕರಣೆ ಬೇಕು.

ಟೊಮೇಟೊವನ್ನು ಹುಳಿ ಹಣ್ಣೆಂದು ಭಾವಿಸುವುದು ರೂಢಿಯಾದರೂ, ಕೆಲವು ತಳಿಗಳ ಪಿಎಚ್ ಮೌಲ್ಯ 4.6ನ್ನು ಮೀರುತ್ತದೆ. ಅತಿಯಾಗಿ ಮಾಗಿದ ಹಣ್ಣು, ರೋಗ ತಗಲಿದ ಅಥವಾ ಸತ್ತ ಬಳ್ಳಿಯಿಂದ ಕಿತ್ತ ಹಣ್ಣುಗಳಲ್ಲಿ ಆಮ್ಲ ಇನ್ನೂ ಕಡಿಮೆಯಿರಬಹುದು. ರುಚಿ ನೋಡಿ ಆಮ್ಲೀಯತೆಯನ್ನು ಅಳೆಯಲಾಗದು. ಸಕ್ಕರೆಯ ಅಂಶ ಹೆಚ್ಚಿದ್ದರೆ ಸಾಕಷ್ಟು ಹುಳಿಯಿರುವ ಹಣ್ಣೂ ಸಿಹಿಯೆನಿಸುತ್ತದೆ. ಈ ಕಾರಣದಿಂದ ಅಮೆರಿಕದ ಕೃಷಿ ಇಲಾಖೆಯ ಮಾರ್ಗಸೂಚಿಯು ಎಲ್ಲ ತಳಿಗಳಿಗೂ ಆಮ್ಲ ಸೇರಿಸುವುದನ್ನು ಕಡ್ಡಾಯವಾಗಿ ಸೂಚಿಸುತ್ತದೆ. ಅದರ ಪ್ರಮಾಣ ಹೀಗಿದೆ:

• ಒಂದು ಪಿಂಟ್ (ಸುಮಾರು 470 ಮಿ.ಲೀ.) ಬಾಟಲಿಗೆ: ಒಂದು ದೊಡ್ಡ ಚಮಚ (15 ಮಿ.ಲೀ.) ಬಾಟಲೀಕರಿಸಿದ ನಿಂಬೆರಸ, ಅಥವಾ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ.
• ಒಂದು ಕ್ವಾರ್ಟ್ (ಸುಮಾರು 950 ಮಿ.ಲೀ.) ಬಾಟಲಿಗೆ: ಎರಡು ದೊಡ್ಡ ಚಮಚ (30 ಮಿ.ಲೀ.) ಬಾಟಲೀಕರಿಸಿದ ನಿಂಬೆರಸ, ಅಥವಾ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲ.

ಆಗತಾನೆ ಹಿಂಡಿದ ನಿಂಬೆರಸದ ಆಮ್ಲೀಯತೆ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಬಾಟಲೀಕರಿಸಿದ ರಸವನ್ನು ಸೂಚಿಸಲಾಗುತ್ತದೆ. ಅದು ದೊರೆಯದಿದ್ದಲ್ಲಿ, ನಿಂಬೆ ಉಪ್ಪು ಎಂಬ ಹೆಸರಿನಲ್ಲಿ ದಿನಸಿ ಅಂಗಡಿಗಳಲ್ಲಿ ಸಿಗುವ ಆಹಾರ ದರ್ಜೆಯ ಸಿಟ್ರಿಕ್ ಆಮ್ಲವನ್ನು ಬಳಸಬಹುದು. ಹುಳಿ ಹೆಚ್ಚೆನಿಸಿದರೆ ಸ್ವಲ್ಪ ಸಕ್ಕರೆ ಸೇರಿಸಬಹುದೇ ಹೊರತು ಆಮ್ಲದ ಪ್ರಮಾಣವನ್ನು ಕಡಿಮೆ ಮಾಡಬಾರದು. ಉಪ್ಪು ಇಲ್ಲಿ ಕೇವಲ ರುಚಿಗಾಗಿ. ಸಂರಕ್ಷಣೆಯಲ್ಲಿ ಅದರ ಪಾತ್ರವಿಲ್ಲ.

ಹಣ್ಣಿನ ಆಯ್ಕೆ

ಗಟ್ಟಿಯಾದ, ಪೂರ್ಣ ಬಣ್ಣ ಬಂದ, ಬಿರುಕು ಅಥವಾ ಕೊಳೆತ ಭಾಗವಿಲ್ಲದ ಹಣ್ಣುಗಳು ಸೂಕ್ತ. ತಿರುಳು ಹೆಚ್ಚು, ಬೀಜ ಮತ್ತು ರಸ ಕಡಿಮೆಯಿರುವ ರೋಮಾ, ಸ್ಯಾನ್ ಮರ್ಜಾನೊ ಮೊದಲಾದ ಉದ್ದನೆಯ ತಳಿಗಳು ಸಾಸ್ ಮತ್ತು ಗಟ್ಟಿ ರಸಕ್ಕೆ ಹೊಂದುತ್ತವೆ. ಒಂದು ಕ್ವಾರ್ಟ್ ಬಾಟಲಿಗೆ ಸರಾಸರಿ ಸುಮಾರು 1.3 ಕಿ.ಗ್ರಾಂ ಹಣ್ಣು ಬೇಕಾಗುತ್ತದೆ.

ಡಬ್ಬೀಕರಣದ ವಿಧಾನ

ಜಜ್ಜಿದ ಟೊಮೇಟೊವನ್ನು ಕುದಿಯುವ ನೀರಿನಲ್ಲಿ ಸಂಸ್ಕರಿಸುವ ಕ್ರಮ ಈ ಕೆಳಗಿನಂತಿದೆ:

1. ಹಣ್ಣುಗಳನ್ನು ತೊಳೆದು, ಕುದಿಯುವ ನೀರಿನಲ್ಲಿ 30ರಿಂದ 60 ಸೆಕೆಂಡು ಅದ್ದಿ, ಕೂಡಲೇ ತಣ್ಣೀರಿಗೆ ಹಾಕಬೇಕು. ಸಿಪ್ಪೆ ಸುಲಭವಾಗಿ ಕಳಚುತ್ತದೆ. ತೊಟ್ಟಿನ ಭಾಗವನ್ನು ತೆಗೆದು ನಾಲ್ಕು ಹೋಳು ಮಾಡಬೇಕು.
2. ಹೋಳುಗಳ ಆರನೆಯ ಒಂದು ಭಾಗವನ್ನು ಪಾತ್ರೆಯಲ್ಲಿ ಹಾಕಿ, ಜಜ್ಜುತ್ತ ಬೇಗನೆ ಕುದಿಸಬೇಕು. ಉಳಿದ ಹೋಳುಗಳನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಕೊನೆಯಲ್ಲಿ ಐದು ನಿಮಿಷ ಹದವಾಗಿ ಕುದಿಸಬೇಕು. ಕತ್ತರಿಸಿದ ಹಣ್ಣನ್ನು ತಡಮಾಡದೆ ಬಿಸಿಮಾಡುವುದರಿಂದ ಪೆಕ್ಟಿನ್ ಅನ್ನು ಒಡೆಯುವ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಇಲ್ಲವಾದರೆ ಬಾಟಲಿಯಲ್ಲಿ ನೀರು ಮತ್ತು ತಿರುಳು ಬೇರೆಬೇರೆಯಾಗುತ್ತವೆ.
3. ಸ್ವಚ್ಛವಾದ ಬಿಸಿ ಬಾಟಲಿಗೆ ಮೊದಲು ಆಮ್ಲವನ್ನು ಹಾಕಿ, ನಂತರ ಬಿಸಿ ಟೊಮೇಟೊವನ್ನು ತುಂಬಬೇಕು. ಮೇಲ್ಭಾಗದಲ್ಲಿ ಸುಮಾರು 1.25 ಸೆಂ.ಮೀ. ಜಾಗ ಬಿಡಬೇಕು.
4. ಗಾಳಿಗುಳ್ಳೆಗಳನ್ನು ಹೊರಡಿಸಿ, ಬಾಟಲಿಯ ಬಾಯಿಯನ್ನು ಒರೆಸಿ, ಹೊಸ ಮುಚ್ಚಳವನ್ನು ಹಾಕಬೇಕು.
5. ತಳದಲ್ಲಿ ಜಾಲರಿಯಿರುವ ಆಳವಾದ ಪಾತ್ರೆಯಲ್ಲಿ ಬಾಟಲಿಗಳನ್ನಿರಿಸಿ, ಮುಚ್ಚಳದ ಮೇಲೆ ಕನಿಷ್ಠ 2.5 ಸೆಂ.ಮೀ. ನೀರು ನಿಲ್ಲುವಂತೆ ತುಂಬಿ ಕುದಿಸಬೇಕು. ನೀರು ಪೂರ್ಣವಾಗಿ ಕುದಿಯತೊಡಗಿದ ಮೇಲಷ್ಟೇ ಅವಧಿಯನ್ನು ಎಣಿಸಬೇಕು.
6. ಬಾಟಲಿಗಳನ್ನು ಹೊರತೆಗೆದು 12ರಿಂದ 24 ಗಂಟೆ ಅಲುಗಿಸದೆ ತಣಿಯಲು ಬಿಡಬೇಕು. ಮುಚ್ಚಳದ ನಡುಭಾಗ ಒಳಕ್ಕೆ ತಗ್ಗಿ, ಒತ್ತಿದಾಗ ಮೇಲೇಳದಿದ್ದರೆ ಅದು ಸರಿಯಾಗಿ ಬಿಗಿದಿದೆ ಎಂದರ್ಥ. ಬಿಗಿಯದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ಬೇಗನೆ ಬಳಸಬೇಕು.

ಸಂಸ್ಕರಣೆಯ ಅವಧಿ ಮತ್ತು ಎತ್ತರ

ಸಮುದ್ರಮಟ್ಟದಿಂದ ಮೇಲೇರಿದಂತೆ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರಿನ ಕುದಿಬಿಂದು ಸುಮಾರು 97 ಡಿಗ್ರಿ ಸೆಲ್ಸಿಯಸ್. ಆದ್ದರಿಂದ ಎತ್ತರದ ಪ್ರದೇಶಗಳಲ್ಲಿ ಹೆಚ್ಚು ಕಾಲ ಕುದಿಸಬೇಕಾಗುತ್ತದೆ. ಬಿಸಿಯಾಗಿ ತುಂಬಿದ ಜಜ್ಜಿದ ಟೊಮೇಟೊಗೆ ಅವಧಿ ಹೀಗಿದೆ:

• 0–300 ಮೀಟರ್ (ಮಂಗಳೂರು, ಕಾರವಾರ): ಪಿಂಟ್‌ಗೆ 35 ನಿಮಿಷ, ಕ್ವಾರ್ಟ್‌ಗೆ 45 ನಿಮಿಷ.
• 300–900 ಮೀಟರ್ (ಮೈಸೂರು, ಧಾರವಾಡ): 40 ಮತ್ತು 50 ನಿಮಿಷ.
• 900–1,800 ಮೀಟರ್ (ಬೆಂಗಳೂರು, ಮಡಿಕೇರಿ): 45 ಮತ್ತು 55 ನಿಮಿಷ.
• 1,800 ಮೀಟರ್‌ಗಿಂತ ಮೇಲೆ (ಊಟಿ): 50 ಮತ್ತು 60 ನಿಮಿಷ.

ಸಿಪ್ಪೆ ಸುಲಿದ ಇಡೀ ಹಣ್ಣುಗಳನ್ನು ನೀರು ಅಥವಾ ರಸ ಸೇರಿಸದೆ ಹಸಿಯಾಗಿ ತುಂಬಿದರೆ ಶಾಖ ಒಳಗೆ ಹರಡಲು ಹೆಚ್ಚು ಸಮಯ ಹಿಡಿಯುತ್ತದೆ; ಆಗ ಸಮುದ್ರಮಟ್ಟದ ಸಮೀಪದಲ್ಲಿಯೂ 85 ನಿಮಿಷಗಳ ಸಂಸ್ಕರಣೆ ಬೇಕು. ಈರುಳ್ಳಿ, ಬೆಳ್ಳುಳ್ಳಿ, ದೊಣ್ಣೆಮೆಣಸಿನಕಾಯಿ ಮೊದಲಾದವನ್ನು ಸೇರಿಸಿದರೆ ಆಮ್ಲೀಯತೆ ತಗ್ಗುವುದರಿಂದ ಮೇಲಿನ ಅವಧಿಗಳು ಅನ್ವಯಿಸುವುದಿಲ್ಲ. ಬಿಸಿ ಸಾರವನ್ನು ಬಾಟಲಿಗೆ ತುಂಬಿ ಮುಚ್ಚಿಬಿಡುವುದು ಮತ್ತು ಒಲೆಪೆಟ್ಟಿಗೆಯಲ್ಲಿ ಬಾಟಲಿಗಳನ್ನು ಕಾಯಿಸುವುದು ಅಸುರಕ್ಷಿತ. ಅಡುಗೆಮನೆಯ ಸಾಮಾನ್ಯ ಪ್ರೆಷರ್ ಕುಕ್ಕರ್ ಡಬ್ಬೀಕರಣದ ಒತ್ತಡ ಯಂತ್ರಕ್ಕೆ ಬದಲಿಯಾಗಲಾರದು. ಅದು ಬೇಗನೆ ಕಾದು ಬೇಗನೆ ತಣಿಯುವುದರಿಂದ ಆಹಾರಕ್ಕೆ ದೊರೆಯುವ ಒಟ್ಟು ಶಾಖ ಕಡಿಮೆ.

ಹೆಪ್ಪುಗಟ್ಟಿಸುವ ವಿಧಾನ

ಇದು ಮನೆಮಟ್ಟದಲ್ಲಿ ಅತ್ಯಂತ ಸರಳವಾದ ವಿಧಾನ. ಉಷ್ಣತೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಿದ್ದಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆ. ಆದ್ದರಿಂದ ಆಮ್ಲ ಸೇರಿಸುವ ಅಗತ್ಯವಿಲ್ಲ. ಹಣ್ಣುಗಳನ್ನು ತೊಳೆದು, ಒರೆಸಿ, ತೊಟ್ಟು ತೆಗೆದು, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಹೆಪ್ಪುಗಟ್ಟಿಸಿದ ನಂತರ ಚೀಲಗಳಿಗೆ ತುಂಬಿ ಗಾಳಿಯನ್ನು ಹೊರಹಾಕಬೇಕು. ಹೀಗೆ ಮಾಡಿದರೆ ಬೇಕಾದಷ್ಟು ಹಣ್ಣುಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಹೆಪ್ಪುಗಟ್ಟಿದ ಹಣ್ಣನ್ನು ಬೆಚ್ಚಗಿನ ನೀರಿನಡಿ ಹಿಡಿದರೆ ಸಿಪ್ಪೆ ತಾನಾಗಿ ಕಳಚುತ್ತದೆ. ಬೇಯಿಸಿ ಸೋಸಿದ ರಸವನ್ನು ಐಸ್ ಅಚ್ಚುಗಳಲ್ಲಿ ಹೆಪ್ಪುಗಟ್ಟಿಸಿ ಇಡುವುದೂ ರೂಢಿಯಲ್ಲಿದೆ. ದ್ರವವು ಹೆಪ್ಪುಗಟ್ಟುವಾಗ ಹಿಗ್ಗುವುದರಿಂದ ಡಬ್ಬಿಯಲ್ಲಿ ಜಾಗ ಬಿಡುವುದು ಅವಶ್ಯಕ.

ಹಿಮದ ಹರಳುಗಳು ಜೀವಕೋಶಗಳ ಭಿತ್ತಿಯನ್ನು ಹರಿಯುವುದರಿಂದ ಕರಗಿದ ಹಣ್ಣು ಮೆತ್ತಗಾಗುತ್ತದೆ. ಅದು ಕೋಸಂಬರಿಗೆ ಒದಗದಿದ್ದರೂ ಸಾರು, ಸಾಂಬಾರು, ಗೊಜ್ಜು ಮತ್ತು ಸಾಸ್‌ಗಳಿಗೆ ಚೆನ್ನಾಗಿ ಹೊಂದುತ್ತದೆ. 8ರಿಂದ 12 ತಿಂಗಳೊಳಗೆ ಬಳಸಿದರೆ ರುಚಿ ಉತ್ತಮವಾಗಿರುತ್ತದೆ. ಹೆಪ್ಪುಗಟ್ಟಿಸುವುದರಿಂದ ಸೂಕ್ಷ್ಮಜೀವಿಗಳು ಸಾಯುವುದಿಲ್ಲ; ಕರಗಿದ ಮೇಲೆ ಅವು ಮತ್ತೆ ಚುರುಕಾಗುತ್ತವೆ. ಪೂರ್ತಿ ತುಂಬಿದ ಪ್ರತ್ಯೇಕ ಫ್ರೀಜರ್‌ನ ಬಾಗಿಲು ತೆರೆಯದಿದ್ದರೆ ವಿದ್ಯುತ್ ಹೋದ ನಂತರವೂ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ ಸುಮಾರು 24 ಗಂಟೆ ಶೈತ್ಯ ಉಳಿಯುತ್ತದೆ. ವಿದ್ಯುತ್ ಕಡಿತ ಹೆಚ್ಚಿರುವ ಊರುಗಳಲ್ಲಿ ಇದು ಈ ವಿಧಾನದ ಮುಖ್ಯ ಮಿತಿ.

ಇತರ ವಿಧಾನಗಳು

ಟೊಮೇಟೊವನ್ನು ಹೋಳು ಮಾಡಿ ಬಿಸಿಲಿನಲ್ಲಿ ಅಥವಾ ಯಂತ್ರದಲ್ಲಿ ಒಣಗಿಸಬಹುದು. ಒಣಗಿದ ಹೋಳುಗಳನ್ನು ಬೆಳ್ಳುಳ್ಳಿಯೊಂದಿಗೆ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಅಪಾಯಕರ. ಎಣ್ಣೆಯು ಗಾಳಿಯನ್ನು ತಡೆಯುವುದರಿಂದ ಬಾಟ್ಯುಲಿನಮ್ ಬೆಳೆಯಲು ಅನುಕೂಲವಾಗುತ್ತದೆ. ದಕ್ಷಿಣ ಭಾರತದ ಟೊಮೇಟೊ ಉಪ್ಪಿನಕಾಯಿಯಲ್ಲಿ ಹುಣಸೆಹಣ್ಣಿನ ಹುಳಿ, ಹೆಚ್ಚು ಪ್ರಮಾಣದ ಉಪ್ಪು ಹಾಗೂ ನೀರಿನಂಶ ಇಂಗುವವರೆಗೆ ಒಣಗಿಸುವುದು ಅಥವಾ ಹುರಿಯುವುದು, ಇವು ಮೂರೂ ಸೇರಿ ಸಂರಕ್ಷಣೆಯ ಕೆಲಸ ಮಾಡುತ್ತವೆ. ನೀರಿನಂಶ ಉಳಿದಿರುವ ಗೊಜ್ಜನ್ನು ಫ್ರಿಜ್‌ನಲ್ಲಿಯೇ ಇಡಬೇಕು.

ಕೆಟ್ಟಿರುವ ಲಕ್ಷಣಗಳು

ಮುಚ್ಚಳ ಉಬ್ಬಿರುವುದು, ತೆರೆದಾಗ ರಸ ಚಿಮ್ಮುವುದು, ಬೂಷ್ಟು, ನೊರೆ ಹಾಗೂ ಕೆಟ್ಟ ವಾಸನೆ ಆಹಾರ ಕೆಟ್ಟಿರುವುದನ್ನು ಸೂಚಿಸುತ್ತವೆ. ಆದರೆ ಬಾಟ್ಯುಲಿನಮ್ ವಿಷವಿದ್ದರೂ ಆಹಾರದ ಬಣ್ಣ, ವಾಸನೆ ಬದಲಾಗದಿರಬಹುದು. ಸಂಶಯವಿರುವ ಬಾಟಲಿಯ ಆಹಾರವನ್ನು ರುಚಿ ನೋಡದೆ, ಸಾಕುಪ್ರಾಣಿಗಳಿಗೂ ಸಿಗದಂತೆ ವಿಲೇವಾರಿ ಮಾಡಬೇಕು. ದೃಷ್ಟಿ ಎರಡಾಗಿ ಕಾಣುವುದು, ಕಣ್ಣುರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಮತ್ತು ಸ್ನಾಯುಗಳ ದೌರ್ಬಲ್ಯ ಬಾಟ್ಯುಲಿಸಂನ ಲಕ್ಷಣಗಳು. ಇವು ಸಾಮಾನ್ಯವಾಗಿ 12ರಿಂದ 36 ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಉಸಿರಾಟದ ಸ್ನಾಯುಗಳು ಸ್ತಬ್ಧವಾಗುವ ಅಪಾಯವಿರುವುದರಿಂದ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ಪೋಷಕಾಂಶಗಳು

ಸಂಸ್ಕರಣೆಯಲ್ಲಿ ಸಿ ಜೀವಸತ್ವದ ಒಂದು ಭಾಗ ನಷ್ಟವಾಗುತ್ತದೆ. ಕೆಂಪು ಬಣ್ಣಕ್ಕೆ ಕಾರಣವಾದ ಲೈಕೋಪೀನ್ ಬಹುಮಟ್ಟಿಗೆ ಉಳಿಯುತ್ತದೆ; ಬೇಯಿಸಿದಾಗ, ವಿಶೇಷವಾಗಿ ಎಣ್ಣೆಯೊಂದಿಗೆ, ಅದು ದೇಹಕ್ಕೆ ಹೆಚ್ಚು ಸುಲಭವಾಗಿ ಹೀರಲ್ಪಡುತ್ತದೆ. ಡಬ್ಬೀಕರಿಸಿದ ಬಾಟಲಿಗಳನ್ನು ತಂಪಾದ, ಕತ್ತಲಿನ, ಒಣ ಜಾಗದಲ್ಲಿಟ್ಟು ಒಂದು ವರ್ಷದೊಳಗೆ ಬಳಸುವುದು ಉತ್ತಮ.

ಕರ್ನಾಟಕದಲ್ಲಿ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳು ಕರ್ನಾಟಕದ ಪ್ರಮುಖ ಟೊಮೇಟೊ ಬೆಳೆಯುವ ಪ್ರದೇಶಗಳು. ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯು ದೇಶದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲೊಂದು. ಇಲ್ಲಿ ಬೆಲೆಯ ಏರಿಳಿತ ತೀವ್ರವಾಗಿದೆ: ಬೆಲೆ ಕುಸಿದಾಗ ರೈತರು ಹಣ್ಣನ್ನು ರಸ್ತೆಬದಿಯಲ್ಲಿ ಸುರಿಯುವುದುಂಟು, 2023ರ ಜುಲೈನಲ್ಲಿ ಚಿಲ್ಲರೆ ಬೆಲೆ ಕಿಲೋಗೆ 100 ರೂಪಾಯಿಗಳನ್ನು ಮೀರಿತ್ತು. ಟೊಮೇಟೊ, ಈರುಳ್ಳಿ ಮತ್ತು ಆಲೂಗಡ್ಡೆಗಳ ಬೆಲೆಯ ಸ್ಥಿರತೆ ಹಾಗೂ ಸಂಸ್ಕರಣೆಗಾಗಿ ಕೇಂದ್ರ ಸರ್ಕಾರವು 2018–19ರ ಆಯವ್ಯಯದಲ್ಲಿ 500 ಕೋಟಿ ರೂಪಾಯಿಗಳ ಆಪರೇಷನ್ ಗ್ರೀನ್ಸ್ ಯೋಜನೆಯನ್ನು ಘೋಷಿಸಿತು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ರಕ್ಷಕ್ ಮೊದಲಾದ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 1950ರಿಂದ ಹಣ್ಣು, ತರಕಾರಿಗಳೂ ಸೇರಿದಂತೆ ಆಹಾರ ಸಂರಕ್ಷಣೆಯ ಕ್ಷೇತ್ರದಲ್ಲಿ ಸಂಶೋಧನೆ ನಡೆಸುತ್ತಿದೆ.