ಪಿಕಪ್ ಗಾಡಿಯ ಟೈಮಿಂಗ್ ಬೆಲ್ಟು ಮತ್ತು ಚೈನು

ಒಂದು ಪಿಕಪ್ ಗಾಡಿಯ ದುಡಿಮೆಯನ್ನೇ ನಂಬಿ ಸಂಸಾರ ನಡೆಸುವ ಗೃಹಸ್ಥರು ನಮ್ಮ ವಾಚಕರಲ್ಲಿ ಹಲವರಿರಬಹುದು. ಟೈರು ಸವೆದರೆ ಕಣ್ಣಿಗೆ ಕಾಣುವುದು. ಬ್ರೇಕು ಸವೆದರೆ ಕಾಲಿಗೆ ತಿಳಿಯುವುದು. ಆದರೆ ಎಂಜಿನ್ನಿನ ಮುಚ್ಚಳದೊಳಗೆ ಅಡಗಿರುವ ಟೈಮಿಂಗ್ ಬೆಲ್ಟು ಯಾವ ಸುಳಿವನ್ನೂ ಕೊಡದೆ ಕಡಿದುಹೋಗಬಹುದು. ಅದಕ್ಕೆ ಬರೆದಿಟ್ಟ ಲೆಕ್ಕವೇ ಕಾವಲೆಂಬುದನ್ನು ಇಲ್ಲಿ ಅರಿಕೆಮಾಡಲಿಚ್ಛಿಸುತ್ತೇವೆ.

ಇದರ ಕಾರ್ಯವಾದರೂ ಏನು? ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್ ಶಾಫ್ಟು ಸರಿಯಾಗಿ ಒಂದು ಸುತ್ತು ತಿರುಗಬೇಕು. ಈ ತಾಳ ತಪ್ಪದಂತೆ ನೋಡಿಕೊಳ್ಳುವುದು ಹಲ್ಲುಗಳುಳ್ಳ ರಬ್ಬರಿನ ಬೆಲ್ಟು, ಇಲ್ಲವೆ ಉಕ್ಕಿನ ಚೈನು. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆಗ ಡೀಸೆಲ್ ಎಂಜಿನ್ನಿನ ಬೆಲ್ಟು ಕಡಿದರೆ ಮೇಲೇರುವ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿಯುತ್ತದೆ. ವಾಲ್ವು ಬಾಗಿ, ಎಂಜಿನ್ನನ್ನೇ ಬಿಚ್ಚಬೇಕಾದ ದುಬಾರಿ ಕೆಲಸ ಬೀಳುತ್ತದೆ.

ತಮ್ಮ ಗಾಡಿಯಲ್ಲಿರುವುದು ಬೆಲ್ಟೋ ಚೈನೋ ಎಂಬುದನ್ನು ಗಾಡಿಯ ಹೆಸರಿನಿಂದ ಊಹಿಸಬಾರದು. ಆಸ್ಟ್ರೇಲಿಯ ಮೊದಲಾದೆಡೆ ಪ್ರಸಿದ್ಧವಾದ ಟೊಯೊಟಾ ಹೈಲಕ್ಸ್ ಪಿಕಪ್ಪನ್ನೇ ನೋಡಿರಿ. 2005ರಲ್ಲಿ ಬಂದ ತಲೆಮಾರಿನ 3 ಲೀಟರ್ ಡೀಸೆಲ್ ಎಂಜಿನ್ನಿಗೆ ಬೆಲ್ಟು. 2015ರಲ್ಲಿ ಬಂದ ಹೊಸ ತಲೆಮಾರಿನ 2.8 ಲೀಟರ್ ಎಂಜಿನ್ನಿಗೆ ಚೈನು. ನಮ್ಮ ರಸ್ತೆಗಳಲ್ಲಿ ಓಡುವ ಹಳೆಯ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ನೂ ಆ ಬೆಲ್ಟಿನ ಕುಲಕ್ಕೇ ಸೇರಿದ್ದು.

ಆ ಹಳೆಯ ಹೈಲಕ್ಸಿನಲ್ಲಿ ಗಡುವು ತುಂಬಿದಾಗ ಉರಿಯುವ 'ಟಿ-ಬೆಲ್ಟ್' ಎಂಬ ದೀಪವುಂಟು. ಆದರೆ ಅದು ಓಡಿದ ದೂರವನ್ನು ಎಣಿಸುತ್ತದೆಯೇ ಹೊರತು ಬೆಲ್ಟನ್ನು ಕಂಡು ಹೇಳುವುದಿಲ್ಲ. ಬೆಲ್ಟು ಬದಲಿಸದೆಯೂ ದೀಪವನ್ನು ಆರಿಸಿಬಿಡಬಹುದು. ಆದುದರಿಂದ ಹಳೆಯ ಗಾಡಿ ಕೊಳ್ಳುವವರು ದೀಪವನ್ನು ನಂಬದೆ ರಸೀದಿಯನ್ನು ಕೇಳತಕ್ಕದ್ದು. ರಸೀದಿಯಿಲ್ಲದಿದ್ದರೆ ಬೆಲ್ಟನ್ನೂ ಅದನ್ನು ಬಿಗಿಹಿಡಿಯುವ ಟೆನ್ಷನರನ್ನೂ ಮೊದಲು ಬದಲಿಸುವುದೇ ಲೇಸು. ಓಡದೆ ನಿಂತ ಗಾಡಿಯಲ್ಲಿಯೂ ರಬ್ಬರು ವರ್ಷಗಳು ಕಳೆದಂತೆ ಹಳತಾಗುತ್ತದೆ. ಆಯಿಲು ಸೋರಿ ತಗಲಿದರಂತೂ ಬೇಗನೆ ಕೆಡುತ್ತದೆ. ಕಿಲೋಮೀಟರು, ವರ್ಷ ಇವೆರಡರಲ್ಲಿ ಯಾವುದು ಮೊದಲು ತುಂಬುವುದೋ ಅದೇ ಗಡುವು.

ಚೈನು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುವುದು ನಿಜ. ಆದರೆ ಅದರ ಆಯುಸ್ಸು ಎಂಜಿನ್ ಆಯಿಲಿನಲ್ಲಿದೆ. ಆಯಿಲು ಕೊಳೆತರೆ ಇಲ್ಲವೆ ಕಡಿಮೆಯಾದರೆ ಚೈನು ಸವೆದು ಸಡಿಲವಾಗುತ್ತದೆ. ಮುಂಜಾನೆ ತಣ್ಣಗಿರುವ ಎಂಜಿನ್ನು ಹೊರಡುವಾಗ ಮುಂಭಾಗದಲ್ಲಿ ಗಲಗಲ ಸದ್ದು ಕೇಳಿದರೆ ಅದನ್ನು ಕಡೆಗಣಿಸದೆ ಬಲ್ಲ ಮೆಕ್ಯಾನಿಕರಿಗೆ ತೋರಿಸಬೇಕು.

ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿಯೇ ಬೆಲ್ಟು ಬದಲಿಸಿದ ತಾರೀಖನ್ನೂ ಮೀಟರಿನ ಅಂಕೆಯನ್ನೂ, ಕೈಪಿಡಿ ಹೇಳುವ ಮುಂದಿನ ಗಡುವನ್ನೂ ಬರೆದಿಡಿರಿ. ಚಾಲಕನು ಮರೆತರೂ ಮನೆಯವರು ನೆನಪಿಸುವರು.