ಕಾಲಿಗೂ ಉಂಟು ಲೋಡ್ ಟೆಸ್ಟ್

ಕದ್ರಿ ಗುಡ್ಡದ ಮೆಟ್ಟಿಲು ಹತ್ತಿದರೆ ನಮ್ಮ ಮೀನಖಂಡವೂ ಬಿಗಿಯುತ್ತದೆ, ಸ್ವಲ್ಪ ಕೂತರೆ ಸರಿಯಾಗುತ್ತದೆ. ಕಾಲಿನ ಅಪಧಮನಿ ಕಿರಿದಾದವರಿಗೆ ಸಮತಟ್ಟು ರಸ್ತೆಯಲ್ಲೇ ಹೀಗಾಗುತ್ತದೆ. ಆದರೆ ವಿಶ್ರಾಂತಿಯಲ್ಲಿರುವ ಸ್ನಾಯುವಿಗೆ ಸ್ವಲ್ಪ ರಕ್ತ ಸಾಕು. ಮಲಗಿಸಿ ನೋಡಿದರೆ ಎಲ್ಲ ಸರಿ ಉಂಟು ಅಂತಲೇ ಕಾಣಬಹುದು. ಲೋಡ್ ಇಲ್ಲದೆ ಮೋಟಾರ್ ಟೆಸ್ಟ್ ಮಾಡಿದ ಹಾಗೆ!

ಅದಕ್ಕೇ ಸಂಶೋಧಕರು ಎಂಆರ್‌ಐ ಯಂತ್ರದಲ್ಲಿ ಮಲಗಿದವರಿಂದಲೇ ಪೆಡಲ್ ಒತ್ತಿಸುತ್ತಾರೆ. ಅಲ್ಲಿಗೆ ಕಬ್ಬಿಣ ಒಯ್ಯುವಂತಿಲ್ಲ, ಹಾಗಾಗಿ ಪ್ಲಾಸ್ಟಿಕ್‌ನಂಥ ವಸ್ತುವಿನ ಪೆಡಲ್. ಒತ್ತುವುದು ನಿಲ್ಲಿಸಿದ ಕೂಡಲೇ ಸ್ಕ್ಯಾನ್.

'ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್' ವಿಧಾನಕ್ಕೆ ಇಂಜೆಕ್ಷನ್ನೂ ಬೇಡ. ಸ್ನಾಯುವಿಗೆ ಹೊರಟ ರಕ್ತದ ನೀರಿನಲ್ಲಿರುವ ಪ್ರೋಟಾನುಗಳ ಕಾಂತದಿಕ್ಕನ್ನು ರೇಡಿಯೋ ತರಂಗ ತಿರುಗಿಸುತ್ತದೆ. ಹೀಗೆ ಗುರುತು ಹಾಕಿ ಒಂದು ಚಿತ್ರ, ಹಾಕದೆ ಇನ್ನೊಂದು. ಕಳೆದರೆ ಉಳಿಯುವುದು ಹೊಸದಾಗಿ ಬಂದ ರಕ್ತದ ಲೆಕ್ಕ. 3 ಟೆಸ್ಲಾ ಯಂತ್ರದಲ್ಲೂ ಈ ಗುರುತು ಕೆಲವೇ ಸೆಕೆಂಡಿನಲ್ಲಿ ಅಳಿಯುತ್ತದೆ. ವಿಶ್ರಾಂತಿಯಲ್ಲಿ ಸಿಗ್ನಲ್ ನಾಯ್ಸ್‌ನಲ್ಲಿ ಮುಳುಗಿದಂತಿರುತ್ತದೆ. ವ್ಯಾಯಾಮದ ನಂತರ ಹರಿವು ಹಲವು ಪಟ್ಟು ಏರುವುದರಿಂದ ಸ್ಪಷ್ಟವಾಗುತ್ತದೆ. ಎಷ್ಟು ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬುದೇ ಸ್ನಾಯುವಿನ ರಿಪೋರ್ಟ್.

ಮೊದಲ ತಪಾಸಣೆಗೆ ಇಷ್ಟು ದೊಡ್ಡ ಯಂತ್ರ ಬೇಕಿಲ್ಲ. ಪಾದದ ಗಂಟಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿರುವ ಸೂಚನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯೋ ಬೀಡಿ ಅಭ್ಯಾಸವೋ ಇರುವ ಹಿರಿಯರು "ನಡೆದರೆ ಕಾಲು ಹಿಡೀತದೆ" ಅಂದರೆ, ವಯಸ್ಸಾಯ್ತು ಅಂತ ಬಿಡಬೇಡಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.